ಜಿಲ್ಲಾ ಕ್ರೀಡಾ ಸಂಸ್ಥೆಯ ಲೆಕ್ಕ ಕೇಳುವುದು ಹೇಗೆ? ಪೋಷಕರಿಗೆ ಮತ್ತು ಆಟಗಾರರಿಗೆ ಮಾರ್ಗದರ್ಶಿ

"ಮಗಳು ರಾಜ್ಯಮಟ್ಟಕ್ಕೆ ಆಯ್ಕೆಯಾದಳು. ಪ್ರಯಾಣಕ್ಕೆಂದು ನಮ್ಮಿಂದಲೇ ಹಣ ಕಟ್ಟಿಸಿಕೊಂಡರು, ರಸೀದಿ ಕೊಡಲಿಲ್ಲ. ಹಾಗಾದರೆ ಸರ್ಕಾರದ ಅನುದಾನ ಎಲ್ಲಿ ಹೋಯಿತು?" "ತಂಡದಲ್ಲಿ ಹೆಸರು ಬರಬೇಕಾದರೆ ದುಡ್ಡು ಕೊಡಿ ಎನ್ನುತ್ತಿದ್ದಾರೆ, ಯಾರಿಗೆ ದೂರು ಕೊಡಬೇಕು?" "ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ನಮ್ಮದು ಖಾಸಗಿ ಸಂಸ್ಥೆ ಎಂದು ವಾಪಸ್ ಕಳುಹಿಸಿದರು. ಮುಂದೇನು?" ಓದುಗರಿಂದ ಬರುವ ಪತ್ರಗಳಲ್ಲಿ ಈ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಆಟ ಬೇರೆ, ಊರು ಬೇರೆ, ಸಂಕಟ ಮಾತ್ರ ಒಂದೇ.

ಹೆಚ್ಚಿನವರು ಎಡವುವುದು ಆರಂಭದಲ್ಲಿಯೇ. ಕಾರ್ಯದರ್ಶಿ ಕಳ್ಳ, ಅಧ್ಯಕ್ಷ ಲಂಚಕೋರ ಎಂದು ವ್ಯಕ್ತಿಯ ಬೆನ್ನು ಹತ್ತುತ್ತಾರೆ. ಬೆನ್ನು ಹತ್ತಬೇಕಾದದ್ದು ಕಾಗದವನ್ನು. ಆ ಕಾಗದವನ್ನೂ ಸಂಸ್ಥೆಯ ಹತ್ತಿರ ಕೇಳಿಕೊಂಡು ನಿಲ್ಲಬೇಕಾಗಿಲ್ಲ. ಸಂಸ್ಥೆಗೆ ಹಣ ಕೊಟ್ಟ ಇಲಾಖೆಯಲ್ಲಿ ಒಂದು ಕಡತ ಇರುತ್ತದೆ, ಸಂಸ್ಥೆಯನ್ನು ನೋಂದಾಯಿಸಿದ ಕಚೇರಿಯಲ್ಲಿ ಇನ್ನೊಂದು ಇರುತ್ತದೆ. ಎರಡೂ ಸರ್ಕಾರಿ ಕಚೇರಿಗಳು, ಎರಡಕ್ಕೂ ಮಾಹಿತಿ ಹಕ್ಕು ಅನ್ವಯಿಸುತ್ತದೆ. ಈ ಲೇಖನ ಆ ಎರಡು ಕಡತಗಳ ದಾರಿಯನ್ನು ಹೇಳುತ್ತದೆ. ಕರ್ನಾಟಕದಲ್ಲಿ ಸಂಘವಾಗಿ ನೋಂದಣಿಯಾದ ಜಿಲ್ಲಾ ಮತ್ತು ರಾಜ್ಯ ಕ್ರೀಡಾ ಸಂಸ್ಥೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ಜೋಡಿಸಿಕೊಳ್ಳಬೇಕಾದದ್ದು

ಒಂದು ನೋಟ್‌ಪುಸ್ತಕ, ಒಂದು ಕಡತ, ಹತ್ತು ರೂಪಾಯಿಯ ಕೆಲವು ಪೋಸ್ಟಲ್ ಆರ್ಡರ್‌ಗಳು. ನೀವು ಈಗಾಗಲೇ ಹಣ ಕೊಟ್ಟಿದ್ದರೆ ಯುಪಿಐ ವಿವರ, ಬ್ಯಾಂಕ್ ಪಾಸ್‌ಪುಸ್ತಕದ ಪುಟ, ಹಣ ಕೇಳಿದ ವಾಟ್ಸ್‌ಆ್ಯಪ್ ಸಂದೇಶ. ಸಂದೇಶವಿರುವ ಮೊಬೈಲನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಪರದೆಯ ಚಿತ್ರ ತೆಗೆದಿಟ್ಟರೆ ಸಾಕು ಎಂದುಕೊಳ್ಳುವವರು ಬಹಳ. ನ್ಯಾಯಾಲಯದಲ್ಲಿ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಸಾಧನ ಕೈಯಲ್ಲಿದ್ದರೆ ಆ ಕೆಲಸ ಸುಲಭ.

ಇವೆಲ್ಲಕ್ಕಿಂತ ಮುಖ್ಯವಾಗಿ ಜೊತೆಗೆ ಇಬ್ಬರು ಮೂವರು ಪೋಷಕರು ಬೇಕು. ಒಬ್ಬರೇ ಕೇಳಿದರೆ ಮುಂದಿನ ಆಯ್ಕೆಯಲ್ಲಿ ಆ ಮಗುವಿನ ಹೆಸರು ಬಿಟ್ಟುಹೋಗುತ್ತದೆ. ಈ ಭಯ ಸುಳ್ಳಲ್ಲ. ಆದ್ದರಿಂದ ಒಂದು ಉಪಾಯ: ಮಾಹಿತಿ ಹಕ್ಕಿನ ಅರ್ಜಿಯನ್ನು ಪೋಷಕರೇ ಹಾಕಬೇಕೆಂದಿಲ್ಲ. ಭಾರತದ ಯಾವುದೇ ನಾಗರಿಕರು ಹಾಕಬಹುದು, ಯಾಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. ಆಟಕ್ಕೂ ನಿಮ್ಮ ಮನೆಗೂ ಸಂಬಂಧವಿಲ್ಲದ, ಬೇರೆ ಊರಿನಲ್ಲಿರುವ ಸೋದರಮಾವನ ಹೆಸರಿನಲ್ಲಿ ಅರ್ಜಿ ಹೋಗಲಿ.

ಹಂತ 1: ಸಂಸ್ಥೆಯ ಗುರುತು ಖಚಿತಪಡಿಸಿಕೊಳ್ಳಿ

ಒಂದೇ ಆಟಕ್ಕೆ ಒಂದೇ ಜಿಲ್ಲೆಯಲ್ಲಿ ಎರಡು ಸಂಸ್ಥೆಗಳು ಇರುವುದು ನಮ್ಮಲ್ಲಿ ಮಾಮೂಲು. ಒಂದಕ್ಕೆ ರಾಜ್ಯ ಸಂಸ್ಥೆಯ ಮಾನ್ಯತೆ ಇರುತ್ತದೆ, ಇನ್ನೊಂದು ಹೆಸರನ್ನು ಸ್ವಲ್ಪ ತಿರುಚಿಕೊಂಡು ಪಂದ್ಯಾವಳಿ ನಡೆಸಿ ಪ್ರಮಾಣಪತ್ರ ಹಂಚುತ್ತದೆ. ಆದ್ದರಿಂದ ಲೆಟರ್‌ಹೆಡ್‌ನಲ್ಲಿರುವ ಪೂರ್ಣ ಹೆಸರು, ನೋಂದಣಿ ಸಂಖ್ಯೆ, ನೋಂದಣಿಯಾದ ವರ್ಷ ಬರೆದುಕೊಳ್ಳಿ. ಹೆಚ್ಚಿನವು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಅಡಿಯಲ್ಲಿ ನೋಂದಣಿಯಾಗಿರುತ್ತವೆ. ಆ ಕಡತ ಸಂಘಗಳ ಜಿಲ್ಲಾ ನೋಂದಣಾಧಿಕಾರಿಗಳ ಬಳಿ, ಅಂದರೆ ಸಹಕಾರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಇರುತ್ತದೆ. ಕ್ರೀಡಾ ಇಲಾಖೆಯಲ್ಲಿ ಹುಡುಕಿ ಸುಸ್ತಾಗಬೇಡಿ.

ಅನಂತರ ರಾಜ್ಯ ಸಂಸ್ಥೆಗೆ ಪತ್ರ ಬರೆದು ಈ ಜಿಲ್ಲಾ ಸಂಸ್ಥೆಗೆ ನಿಮ್ಮ ಮಾನ್ಯತೆ ಇದೆಯೇ ಎಂದು ಕೇಳಿ. ಉತ್ತರ ಬಾರದಿದ್ದರೂ ಪತ್ರ ಕಳುಹಿಸಿದ ಸ್ಪೀಡ್ ಪೋಸ್ಟ್ ರಸೀದಿ ನಿಮ್ಮ ಕಡತಕ್ಕೆ ಸೇರಲಿ.

ಹಂತ 2: ಹಣ ಕೊಟ್ಟವರನ್ನು ಕೇಳಿ

ಇಡೀ ಕೆಲಸದ ಬೆನ್ನೆಲುಬು ಈ ಹಂತ. ಸಾವಧಾನವಾಗಿ ಓದಿ.

ಸಂಸ್ಥೆಗೆ ಹಣ ಬರುವ ಮೂಲಗಳು ಹಲವು: ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ಜಿಲ್ಲಾ ಪಂಚಾಯಿತಿ, ನಗರಸಭೆ ಅಥವಾ ಪಾಲಿಕೆ, ಜಿಲ್ಲಾಡಳಿತ, ಖಾಸಗಿ ಪ್ರಾಯೋಜಕರು, ಕೊನೆಗೆ ಪೋಷಕರು. ಇವರಲ್ಲಿ ಸರ್ಕಾರಿ ಕಚೇರಿ ಎನ್ನಿಸಿಕೊಂಡ ಪ್ರತಿಯೊಂದಕ್ಕೂ ಪ್ರತ್ಯೇಕ ಅರ್ಜಿ ಹಾಕಿ. ಜಿಲ್ಲಾ ಮಟ್ಟದಲ್ಲಿ ಕ್ರೀಡಾ ಇಲಾಖೆಯ ಕಚೇರಿ ಸಾಮಾನ್ಯವಾಗಿ ಜಿಲ್ಲಾ ಕ್ರೀಡಾಂಗಣದಲ್ಲಿಯೇ ಇರುತ್ತದೆ, ರಾಜ್ಯ ಕಚೇರಿ ಬೆಂಗಳೂರಿನ ನೃಪತುಂಗ ರಸ್ತೆಯ ಯುವನಿಕಾದಲ್ಲಿದೆ. ಅಲ್ಲಿನ ಸಾರ್ವಜನಿಕ ಮಾಹಿತಿ ಅಧಿಕಾರಿಯ ಹೆಸರಿಗೆ, ನಮೂನೆ 'ಎ'ಯಲ್ಲಿ, ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ವಿಶೇಷವಿದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು ಮತ್ತು ಸಾಮಾನ್ಯವಾಗಿ 150 ಪದ ಮೀರಬಾರದು. ಇದನ್ನು ಮರೆತು ಮೂರು ಪುಟ ಬರೆದರೆ ಅರ್ಜಿ ತಿರಸ್ಕಾರವಾಗಲು ನೀವೇ ಕಾರಣ ಕೊಟ್ಟಂತೆ.

ಬರವಣಿಗೆ ಹೀಗಿರಲಿ:

"2022-23ರಿಂದ 2024-25ರವರೆಗೆ ತಮ್ಮ ಕಚೇರಿಯಿಂದ (ಸಂಸ್ಥೆಯ ಪೂರ್ಣ ಹೆಸರು, ನೋಂದಣಿ ಸಂಖ್ಯೆ) ಇವರಿಗೆ ಬಿಡುಗಡೆಯಾದ ಅನುದಾನದ ಮಂಜೂರಾತಿ ಆದೇಶಗಳು, ಸಂಸ್ಥೆ ಸಲ್ಲಿಸಿದ ಹಣ ಬಳಕೆ ಪ್ರಮಾಣಪತ್ರಗಳು, ಅವುಗಳ ಜೊತೆಗಿನ ವೋಚರ್‌ಗಳು, ಬಟವಾಡೆ ಪಟ್ಟಿಗಳು ಮತ್ತು ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿಗಳನ್ನು ಒದಗಿಸಿ."

ಇಲ್ಲಿ ಬರುವ ಕೆಲವು ಪದಗಳ ಅರ್ಥ ತಿಳಿದಿರಲಿ. ಕೊಟ್ಟ ಹಣವನ್ನು ಹೇಳಿದ ಉದ್ದೇಶಕ್ಕೇ ಖರ್ಚು ಮಾಡಿದ್ದೇವೆ ಎಂದು ಸಂಸ್ಥೆ ಬರೆದುಕೊಡುವ ಕಾಗದ ಹಣ ಬಳಕೆ ಪ್ರಮಾಣಪತ್ರ. ಯಾರಿಗೆ ಎಷ್ಟು ಹಂಚಲಾಯಿತು ಎಂದು ಸಹಿ ಹಾಕಿಸಿಕೊಂಡ ಹಾಳೆ ಬಟವಾಡೆ ಪಟ್ಟಿ. ಟಿಪ್ಪಣಿ ಹಾಳೆ ಎಂದರೆ ಗುಮಾಸ್ತರಿಂದ ಹಿಡಿದು ಮೇಲಧಿಕಾರಿಯವರೆಗೆ ಯಾರು ಏನು ಷರಾ ಬರೆದರು ಎಂಬ ದಾಖಲೆ.

ಈ ಅರ್ಜಿಯಲ್ಲಿ "ಯಾಕೆ" ಎಂಬ ಪದ ಇಲ್ಲ ಎಂಬುದನ್ನು ಗಮನಿಸಿ. "ನನ್ನ ಮಗನಿಗೆ ಯಾಕೆ ದಿನಭತ್ಯೆ ಕೊಡಲಿಲ್ಲ" ಎಂದು ಕೇಳಿದರೆ, ಅದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ ಎಂದು ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇರುವ ಕಾಗದದ ಪ್ರತಿ ಕೇಳಿದರೆ ಹಾಗೆ ಜಾರಿಕೊಳ್ಳಲು ಬರುವುದಿಲ್ಲ.

ಉತ್ತರಕ್ಕೆ 30 ದಿನ ಗಡುವು. ಪ್ರತಿಗೆ ಪುಟಕ್ಕೆ ಎರಡು ರೂಪಾಯಿ. ಗಡುವು ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಅರೆಬರೆಯಾಗಿದ್ದರೆ, 30 ದಿನಗಳೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಪ್ರಥಮ ಮೇಲ್ಮನವಿ ಸಲ್ಲಿಸಿ. ಅಲ್ಲಿಯೂ ಕೆಲಸವಾಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು. ಆಯೋಗದ ಪೀಠಗಳು ಬೆಂಗಳೂರಿನ ಜೊತೆಗೆ ಬೆಳಗಾವಿ ಮತ್ತು ಕಲಬುರಗಿಯಲ್ಲಿಯೂ ಇವೆ. ಮಾಹಿತಿ ಕೊಡದೆ ಸತಾಯಿಸಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆಯೋಗದ ಸರದಿ ಬರಲು ತಿಂಗಳುಗಟ್ಟಲೆ ಕಾಯಬೇಕಾಗಬಹುದು, ಅಷ್ಟಕ್ಕೆ ಕೈಬಿಡಬೇಡಿ. ಗಡುವಿನ ದಿನಾಂಕಗಳನ್ನು ಮಾತ್ರ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಒಂದು ಗಡುವು ತಪ್ಪಿದರೂ ತಿಂಗಳುಗಳ ಕೆಲಸ ನೀರುಪಾಲು.

ಸಂಸ್ಥೆಯನ್ನೇ ನೇರವಾಗಿ ಕೇಳಬಹುದೇ? ಕೇಳಬಹುದು, ಆದರೆ ಅದು ಎರಡನೆಯ ದಾರಿ. ಸರ್ಕಾರದಿಂದ ಗಣನೀಯ ಹಣಕಾಸು ನೆರವು ಪಡೆದ ಖಾಸಗಿ ಸಂಸ್ಥೆಯೂ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಡಿಎವಿ ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಹೇಳಿದೆ. ನೆರವು ಅರ್ಧಕ್ಕಿಂತ ಹೆಚ್ಚಿರಬೇಕೆಂದಿಲ್ಲ, ರಿಯಾಯಿತಿ ದರದಲ್ಲಿ ಕೊಟ್ಟ ಭೂಮಿಯೂ ಲೆಕ್ಕಕ್ಕೆ ಬರುತ್ತದೆ. 2025ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯೂ, ಮಾನ್ಯತೆ ಪಡೆದು ಸರ್ಕಾರದ ನೆರವು ಪಡೆಯುವ ಕ್ರೀಡಾ ಸಂಸ್ಥೆಯನ್ನು ಆ ನೆರವಿನ ಬಳಕೆಯ ಮಟ್ಟಿಗೆ ಸಾರ್ವಜನಿಕ ಪ್ರಾಧಿಕಾರ ಎಂದು ಪರಿಗಣಿಸುತ್ತದೆ. ಆದರೂ ಸಂಸ್ಥೆ ವಾದ ಹೂಡುತ್ತಾ ಕೂರುತ್ತದೆ. ಅಷ್ಟರಲ್ಲಿ ಇಲಾಖೆಯಿಂದ ಕಾಗದ ನಿಮ್ಮ ಕೈಗೆ ಬಂದಿರಬೇಕು.

ಒಂದು ಎಚ್ಚರಿಕೆ. ಆಟಗಾರರ ಜನನ ದಿನಾಂಕ, ವಿಳಾಸ, ಬ್ಯಾಂಕ್ ಖಾತೆ ಕೇಳಬೇಡಿ. ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೆ ನಿರಾಕರಿಸಲು ಮಾಹಿತಿ ಹಕ್ಕು ಕಾಯ್ದೆಯಲ್ಲಿಯೇ 8(1)(ಜೆ) ಕಲಮಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023 ಆ ನಿರಾಕರಣೆಯ ವ್ಯಾಪ್ತಿಯನ್ನು ಇನ್ನಷ್ಟು ಹಿಗ್ಗಿಸಿದೆ. ಖಾತೆ ಸಂಖ್ಯೆಯನ್ನು ಮುಚ್ಚಿ ಉಳಿದದ್ದನ್ನು ಕೊಡಿ ಎಂದು ನೀವೇ ಒಂದು ಸಾಲು ಸೇರಿಸಿದರೆ ನಿರಾಕರಣೆಗೆ ಜಾಗ ಕಡಿಮೆಯಾಗುತ್ತದೆ.

ಹಂತ 3: ಬಂದ ಕಾಗದವನ್ನು ಓದಿ

ಇಲ್ಲಿ ಅವಸರ ಪಡಬೇಡಿ. ಕಡತ ಬಂದ ದಿನವೇ ಪತ್ರಿಕಾಗೋಷ್ಠಿ ಕರೆಯುವವರಿದ್ದಾರೆ. ಮೊದಲು ಊಟದ ಮೇಜಿನ ಮೇಲೆ ಹರಡಿಕೊಂಡು, ಒಂದೊಂದೇ ಹಾಳೆಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಿ.

ಬಟವಾಡೆ ಪಟ್ಟಿಯಿಂದ ಶುರು ಮಾಡಿ. ವಾಲಿಬಾಲ್ ತಂಡದ ಹನ್ನೆರಡು ಮಕ್ಕಳು, ಒಬ್ಬ ತರಬೇತುದಾರ, ಒಬ್ಬ ವ್ಯವಸ್ಥಾಪಕ, ಒಟ್ಟು ಹದಿನಾಲ್ಕು ಸಾಲು. ಪ್ರತಿ ಸಾಲಿನ ಕೊನೆಗೆ ಸಹಿ. ಹದಿನಾಲ್ಕೂ ಸಹಿ ಒಂದೇ ಪೆನ್ನಿನವೇ, ಅಕ್ಷರದ ಓಟ ಒಂದೇ ತೆರನಾಗಿದೆಯೇ ನೋಡಿ. ಶಾಲೆಯ ಅಂಕಪಟ್ಟಿಗೆ ಕನ್ನಡದಲ್ಲಿ ಸಹಿ ಹಾಕುವ ಹುಡುಗಿ ಇಲ್ಲಿ ಇಂಗ್ಲಿಷಿನಲ್ಲಿ ಗೀಚಿದ್ದಾಳೆಯೇ? ಆ ಹಾಳೆಯನ್ನು ಮಕ್ಕಳಿಗೇ ತೋರಿಸಿ, "ಇದು ನಿನ್ನ ಸಹಿಯಾ?" ಎಂದು ಕೇಳಿ. ಮಗು ಅಲ್ಲ ಎಂದರೆ ಆ ಮಾತನ್ನು ದಿನಾಂಕ ಹಾಕಿ ಬರೆದು, ಪೋಷಕರ ಸಹಿಯೊಂದಿಗೆ ಇಟ್ಟುಕೊಳ್ಳಿ.

ಅನಂತರ ದಿನಗಳ ಲೆಕ್ಕ. ಪಂದ್ಯಾವಳಿಯ ವೇಳಾಪಟ್ಟಿ ಮತ್ತು ಅಂಕಪಟ್ಟಿ ಸಂಪಾದಿಸಿ. ಉದಾಹರಣೆಗೆ, ನಿಮ್ಮ ತಂಡ ಎರಡನೆಯ ದಿನವೇ ಸೋತು ಊರಿಗೆ ಮರಳಿತ್ತು, ಪಟ್ಟಿಯಲ್ಲಿ ಮಾತ್ರ ಆರು ದಿನಗಳ ಭತ್ಯೆ ಬರೆದಿದೆ ಎಂದುಕೊಳ್ಳೋಣ. ತಲೆಗೆ ದಿನಕ್ಕೆ 300 ರೂಪಾಯಿಯಂತೆ ಹದಿನಾಲ್ಕು ಜನರಿಗೆ ಆರು ದಿನಕ್ಕೆ 25,200 ರೂಪಾಯಿ. ನ್ಯಾಯವಾಗಿ ಆಗಬೇಕಾದದ್ದು 8,400. ವ್ಯತ್ಯಾಸ 16,800 ರೂಪಾಯಿ, ಅದೂ ಒಂದೇ ಪ್ರವಾಸದಲ್ಲಿ. ಕ್ರೀಡಾ ಸಂಸ್ಥೆಗಳಲ್ಲಿ ನಡೆಯುವ ಎಲ್ಲ ಕಳವುಗಳಲ್ಲಿ ನನಗೆ ಅತಿ ನೀಚ ಎನಿಸುವುದು ಇದೇ. ಅದು ಮಕ್ಕಳ ಊಟದ ಹಣ. ಬೆಳೆಯುವ ವಯಸ್ಸಿನ ಹುಡುಗ ಎರಡು ಪಂದ್ಯ ಆಡಿ ಬಂದು ಬರೀ ಚಿತ್ರಾನ್ನ ತಿಂದು ಶಾಲೆಯ ಕೋಣೆಯ ನೆಲದ ಮೇಲೆ ಮಲಗಿದ್ದಾನೆ, ಕಾಗದದಲ್ಲಿ ಅವನು ಹೋಟೆಲಿನಲ್ಲಿ ತಂಗಿದ್ದಾನೆ.

ಬಿಲ್ಲುಗಳನ್ನು ಪರೀಕ್ಷಿಸಲು ಲೆಕ್ಕಶಾಸ್ತ್ರ ಓದಿರಬೇಕಿಲ್ಲ. ಪ್ರತಿ ಜಿಎಸ್‌ಟಿ ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ಆ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ಅಂಗಡಿಯ ಹೆಸರು, ನೋಂದಣಿಯ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದೆಲ್ಲ ಉಚಿತವಾಗಿ ಕಾಣುತ್ತದೆ. ನೋಂದಣಿಗಿಂತ ಹಿಂದಿನ ದಿನಾಂಕದ ಬಿಲ್ಲು, ರದ್ದಾದ ಅಂಗಡಿಯ ಬಿಲ್ಲು, ಟ್ರ್ಯಾಕ್‌ಸೂಟ್ ಸರಬರಾಜು ಮಾಡಿದ ಹಾರ್ಡ್‌ವೇರ್ ಅಂಗಡಿ ಇವೆಲ್ಲ ಅಲ್ಲಿಯೇ ಬಯಲಾಗುತ್ತವೆ. ಒಂದೇ ಬಿಲ್‌ಪುಸ್ತಕದ ಕ್ರಮಸಂಖ್ಯೆಗಳು ತಿಂಗಳ ಅಂತರದ ಖರೀದಿಗಳಲ್ಲಿ ಸಾಲಾಗಿ ಬಂದಿದ್ದರೆ ಅದನ್ನೂ ಗುರುತು ಮಾಡಿ.

ಲೆಕ್ಕ ಪರಿಶೋಧಕರ ವರದಿಯಲ್ಲಿಯೂ ಒಂದು ಬೀಗದ ಕೈ ಇದೆ. 2019ರ ಜುಲೈನಿಂದ ಚಾರ್ಟರ್ಡ್ ಅಕೌಂಟೆಂಟರು ಸಹಿ ಮಾಡುವ ಲೆಕ್ಕ ಪರಿಶೋಧನಾ ವರದಿಯ ಮೇಲೆ ಯುಡಿಐಎನ್ ಎಂಬ 18 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಕಡ್ಡಾಯ. ಅವರ ರಾಷ್ಟ್ರೀಯ ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ಅದನ್ನು ತಾಳೆ ನೋಡಬಹುದು. ಸಂಖ್ಯೆ ಇಲ್ಲದ ವರದಿ ಇದ್ದರೆ ಆ ವರದಿಯನ್ನೇ ಪ್ರಶ್ನಿಸಿ.

ಕೊನೆಯದಾಗಿ ಒಂದೇ ಖರ್ಚು ಹಲವು ಕಡೆ ತೋರಿಸಲಾಗಿದೆಯೇ ನೋಡಿ. ಒಂದೇ ತರಬೇತಿ ಶಿಬಿರಕ್ಕೆ ಇಲಾಖೆಯಿಂದಲೂ ಹಣ, ಪಾಲಿಕೆಯಿಂದಲೂ ಹಣ, ಪೋಷಕರಿಂದಲೂ ಹಣ. ಒಂದೊಂದು ಕಚೇರಿಯಲ್ಲಿ ನೋಡಿದರೆ ಲೆಕ್ಕ ಶುದ್ಧವಾಗಿಯೇ ಇರುತ್ತದೆ, ಮೂರನ್ನೂ ಒಟ್ಟಿಗೆ ಇಟ್ಟಾಗ ಮಾತ್ರ ಗುಟ್ಟು ಹೊರಬರುತ್ತದೆ. ಪ್ರತಿ ಕಚೇರಿಗೂ ಪ್ರತ್ಯೇಕ ಅರ್ಜಿ ಹಾಕಿ ಎಂದದ್ದು ಇದಕ್ಕೇ.

ಸಿಕ್ಕಿದ್ದನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಮಾನನಷ್ಟದ್ದು. ದೂರುದಾರನೇ ಆರೋಪಿಯಾಗಿ ನ್ಯಾಯಾಲಯ ಸುತ್ತುವ ಸ್ಥಿತಿ ತಂದುಕೊಳ್ಳಬೇಡಿ. "ಹಣ ನುಂಗಿದ್ದಾನೆ" ಎಂದು ಎಲ್ಲಿಯೂ ಬರೆಯದೆ, "ವೋಚರ್ ಸಂಖ್ಯೆ ಇಷ್ಟರಲ್ಲಿ ಆರು ದಿನ ಎಂದಿದೆ, ಅಂಕಪಟ್ಟಿಯ ಪ್ರಕಾರ ತಂಡ ಎರಡು ದಿನ ಮಾತ್ರ ಇತ್ತು" ಎಂದಷ್ಟೇ ಬರೆಯಿರಿ.

ಹಂತ 4: ನೋಂದಣಾಧಿಕಾರಿಯ ಕಡತ

ಕಾನೂನಿನ ಪ್ರಕಾರ ಸಂಘವು ಪ್ರತಿವರ್ಷ ಸರ್ವ ಸದಸ್ಯರ ಸಭೆ ನಡೆಸಬೇಕು, ಪರಿಶೋಧಿತ ಲೆಕ್ಕವನ್ನು ಆ ಸಭೆಯ ಮುಂದಿಡಬೇಕು, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಮಾಹಿತಿ ಹಕ್ಕಿನಲ್ಲಿಯೇ ಕಡತ ವೀಕ್ಷಣೆಗೆ ಅವಕಾಶವಿದೆ. ಅಲ್ಲಿ ಹೋಗಿ ಕುಳಿತು ಬೈಲಾ, ಅಂದರೆ ಸಂಘದ ಒಳನಿಯಮಾವಳಿ, ಸದಸ್ಯರ ಪಟ್ಟಿ, ವಾರ್ಷಿಕ ಲೆಕ್ಕ ಇವುಗಳ ಪ್ರತಿ ಪಡೆಯಿರಿ. ಇಲಾಖೆಗೆ ತೋರಿಸಿದ ಲೆಕ್ಕವೂ ಇಲ್ಲಿ ಸಲ್ಲಿಸಿದ ಲೆಕ್ಕವೂ ಬೇರೆ ಬೇರೆಯಾಗಿದ್ದರೆ ಅರ್ಧ ಕೆಲಸ ಮುಗಿದಂತೆ.

ಸದಸ್ಯತ್ವ ಪಟ್ಟಿಯನ್ನು ಗಮನವಿಟ್ಟು ಓದಿ. ಮೈದಾನವೇ ಇಲ್ಲದ, ಒಬ್ಬ ಆಟಗಾರನನ್ನೂ ಕಳುಹಿಸದ ಕ್ಲಬ್‌ಗಳು ಚುನಾವಣೆ ಬಂದಾಗ ಮಾತ್ರ ಮತ ಹಾಕುತ್ತವೆ. ಹಲವು ಕ್ಲಬ್‌ಗಳಿಗೆ ಒಂದೇ ವಿಳಾಸವಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ. ಒಂದೇ ಕುಟುಂಬದ ಹಿಡಿತ ದಶಕಗಟ್ಟಲೆ ಉಳಿಯುವುದು ಈ ಕಾಗದದ ಕ್ಲಬ್‌ಗಳ ಬಲದಿಂದ.

1960ರ ಅಧಿನಿಯಮದ 25ನೇ ಕಲಮಿನಂತೆ ನೋಂದಣಾಧಿಕಾರಿ ಸ್ವಯಂಪ್ರೇರಿತವಾಗಿ ವಿಚಾರಣೆ ನಡೆಸಬಹುದು. ಆಡಳಿತ ಮಂಡಳಿಯ ಬಹುಮತ ಅಥವಾ ಸಂಘದ ಸದಸ್ಯರಲ್ಲಿ ಮೂರನೆಯ ಒಂದು ಭಾಗ ಜನರು ಅರ್ಜಿ ಕೊಟ್ಟರೆ ನಡೆಸಲೇಬೇಕು. "ಬಹುದು" ಮತ್ತು "ಲೇಬೇಕು" ನಡುವಿನ ಅಂತರವೇ ಇಲ್ಲಿ ನಿಮ್ಮ ಶಕ್ತಿ. ಪೋಷಕರು ಸಾಮಾನ್ಯವಾಗಿ ಸದಸ್ಯರಲ್ಲ, ಹಾಗಾಗಿ ಸಹಿ ಸಂಗ್ರಹಕ್ಕೆ ಕ್ಲಬ್‌ಗಳನ್ನು ಹಿಡಿಯಬೇಕು. ಮೂರನೆಯ ಒಂದು ಭಾಗ ಸಿಗದಿದ್ದರೂ ದಾಖಲೆ ಸಹಿತ ಮನವಿ ಕೊಡಿ, ಟಪಾಲು ಶಾಖೆಯ ಮೊಹರು ಬಿದ್ದ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಬರಬೇಡಿ.

"ಹೊರಗಿನವರು ಕೈಹಾಕಿದರೆ ಅಂತರರಾಷ್ಟ್ರೀಯ ಸಂಸ್ಥೆ ನಮ್ಮನ್ನು ಅಮಾನತು ಮಾಡುತ್ತದೆ" ಎಂದು ಪದಾಧಿಕಾರಿಗಳು ಹೆದರಿಸುವುದುಂಟು. ಭಾರತೀಯ ಒಲಿಂಪಿಕ್ ಸಂಸ್ಥೆ 2012ರ ಡಿಸೆಂಬರ್‌ನಿಂದ 2014ರ ಫೆಬ್ರುವರಿಯವರೆಗೆ ಅಮಾನತಿನಲ್ಲಿತ್ತು, 2022ರ ಆಗಸ್ಟ್‌ನಲ್ಲಿ ಫಿಫಾ ನಮ್ಮ ಫುಟ್‌ಬಾಲ್ ಫೆಡರೇಷನ್ನನ್ನು ಕೆಲವು ದಿನ ಅಮಾನತು ಮಾಡಿತ್ತು, ಎರಡೂ ನಿಜ. ಆದರೆ ಅವು ರಾಷ್ಟ್ರೀಯ ಸಂಸ್ಥೆಯ ಚುನಾವಣೆ ಮತ್ತು ಆಡಳಿತ ಯಾರ ಹಿಡಿತದಲ್ಲಿರಬೇಕು ಎಂಬ ಜಗಳಗಳು. ಜಿಲ್ಲಾ ಸಂಸ್ಥೆಯ ವೋಚರ್ ಕೇಳಿದ ಪೋಷಕರಿಂದ ಯಾವ ದೇಶದ ಧ್ವಜವೂ ಇಳಿಯುವುದಿಲ್ಲ.

ಹಂತ 5: ಆಯ್ಕೆಗೆ ದುಡ್ಡು ಕೇಳಿದರೆ

ಇದು ತುರ್ತು. ಮೇಲಿನ ಹಂತಗಳು ಮುಗಿಯಲಿ ಎಂದು ಕಾಯಬೇಡಿ.

ಭ್ರಷ್ಟಾಚಾರ ತಡೆ ಅಧಿನಿಯಮ 1988ರ ಎರಡನೆಯ ಕಲಮು ಸಾರ್ವಜನಿಕ ನೌಕರ ಎಂದರೆ ಯಾರು ಎಂದು ಹೇಳುತ್ತದೆ. ಕೇಂದ್ರ ಅಥವಾ ರಾಜ್ಯ ಸರ್ಕಾರದಿಂದ, ಸ್ಥಳೀಯ ಸಂಸ್ಥೆಯಿಂದ ಹಣಕಾಸು ನೆರವು ಪಡೆಯುತ್ತಿರುವ ಅಥವಾ ಹಿಂದೆ ಪಡೆದಿರುವ ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ ಅಥವಾ ಇತರ ಸಂಸ್ಥೆಯ ಪದಾಧಿಕಾರಿಯೂ ಅದರಲ್ಲಿ ಸೇರಿದ್ದಾನೆ. ಎರಡನೆಯ ಹಂತದಲ್ಲಿ ಪಡೆದ ಮಂಜೂರಾತಿ ಆದೇಶದ ಬೆಲೆ ಈಗ ತಿಳಿಯುತ್ತದೆ. "ನಾನು ಸರ್ಕಾರಿ ನೌಕರನಲ್ಲ, ನನಗೆ ಆ ಕಾನೂನು ತಾಗುವುದಿಲ್ಲ" ಎನ್ನುವವನ ಮುಂದೆ ಇಡಬೇಕಾದದ್ದು ಅದೇ ಹಾಳೆ.

ದೂರು ಕೊಡಬೇಕಾದದ್ದು ಲೋಕಾಯುಕ್ತ ಪೊಲೀಸರಿಗೆ. ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಪಡಿಸಿದ ಮೇಲೆ ಆ ಅಧಿಕಾರ ಲೋಕಾಯುಕ್ತಕ್ಕೆ ಮರಳಿದೆ. ಹಣ ಕೊಡುವ ಮೊದಲೇ ಹೋಗಿ. ಕೇಳಿದವರ ಹೆಸರು, ಕೇಳಿದ ದಿನ, ಜಾಗ, ಮೊತ್ತ, ಕರೆಯ ಧ್ವನಿಮುದ್ರಣ ಇದ್ದರೆ ಅದು, ಇಷ್ಟು ಒಯ್ಯಿರಿ. ಸಾಕ್ಷಿಗಳ ಎದುರು ಮಹಜರು ಮಾಡಿ ಬಲೆ ಬೀಸುವುದು ಅವರ ಕೆಲಸ, ನೀವೇ ಪತ್ತೇದಾರರಾಗಬೇಡಿ.

ಈಗಾಗಲೇ ಕೊಟ್ಟಾಗಿದೆಯೇ? ಹಾಗಾದರೆ ಈ ಸಾಲನ್ನು ಎರಡು ಸಲ ಓದಿ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಒಳಗಾಗಿ ಕೊಟ್ಟವರಿಗೆ ವಿನಾಯಿತಿ ಇದೆ, ಆದರೆ ಕೊಟ್ಟ ದಿನದಿಂದ ಏಳು ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿರಬೇಕು. "ಪಂದ್ಯಾವಳಿ ಮುಗಿಯಲಿ, ಆಮೇಲೆ ನೋಡೋಣ" ಎಂದು ತಡಮಾಡಿದ ಪೋಷಕರು ಈ ರಕ್ಷಣೆ ಕಳೆದುಕೊಳ್ಳುತ್ತಾರೆ. ಏಳು ದಿನ ದಾಟಿದ್ದರೆ ಮೊದಲು ವಕೀಲರನ್ನು ಕಾಣಿ, ಆಮೇಲೆ ಠಾಣೆಗೆ ಹೋಗಿ.

ಎಲ್ಲ ಲಂಚವೂ ದುಡ್ಡಿನ ರೂಪದಲ್ಲಿ ಇರುವುದಿಲ್ಲ. ಆಯ್ಕೆಯ ಆಸೆ ತೋರಿಸಿ ಹುಡುಗಿಯರನ್ನು, ಹುಡುಗರನ್ನೂ, ಪೀಡಿಸುವ ತರಬೇತುದಾರರಿದ್ದಾರೆ. ಬಲಿಪಶು 18ರೊಳಗಿನವರಾದರೆ ಅದು ಪೋಕ್ಸೋ ಪ್ರಕರಣ, ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098. ವಯಸ್ಕ ಮಹಿಳೆಯರಿಗೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಅನ್ವಯಿಸುತ್ತದೆ. ಕ್ರೀಡಾಂಗಣ ಮತ್ತು ತರಬೇತಿ ಕೇಂದ್ರವನ್ನು ಅದು ಹೆಸರಿಸಿಯೇ ಕೆಲಸದ ಸ್ಥಳ ಎಂದು ಕರೆದಿದೆ. ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಿ. "ಸಂಸ್ಥೆಯ ಮರ್ಯಾದೆ" ಎಂಬ ಮಾತಿಗೆ ಮಗುವನ್ನು ಬಲಿ ಕೊಡಬೇಡಿ.

ಹಂತ 6: ಪ್ರಮಾಣಪತ್ರ ಮತ್ತು ವಯಸ್ಸು

ಕ್ರೀಡಾ ಮೀಸಲಾತಿಯಲ್ಲಿ ಎಂಜಿನಿಯರಿಂಗ್ ಸೀಟು, ಸರ್ಕಾರಿ ಕೆಲಸ ಸಿಗುವುದರಿಂದ ಪ್ರಮಾಣಪತ್ರಕ್ಕೆ ಮಾರುಕಟ್ಟೆ ಬೆಲೆ ಹುಟ್ಟಿಕೊಂಡಿದೆ. ಅನುಮಾನವಿದ್ದರೆ ಮೂರು ಕಾಗದ ತಾಳೆ ನೋಡಿ: ಪಂದ್ಯಾವಳಿಯ ಪ್ರವೇಶ ಪಟ್ಟಿ, ಅಂಕಪಟ್ಟಿ, ಪ್ರಮಾಣಪತ್ರ ವಿತರಣಾ ವಹಿ. ಆಡದವನ ಹೆಸರು ವಹಿಯಲ್ಲಿದ್ದರೂ ಅಂಕಪಟ್ಟಿಯಲ್ಲಿ ಇರುವುದಿಲ್ಲ.

ವಯಸ್ಸಿನ ವಂಚನೆಗೆ 2010ರಿಂದ ಕೇಂದ್ರ ಕ್ರೀಡಾ ಸಚಿವಾಲಯದ ಸಂಹಿತೆ ಇದೆ. ದೂರು ರಾಜ್ಯ ಮತ್ತು ರಾಷ್ಟ್ರೀಯ ಸಂಸ್ಥೆಗೆ ಹೋಗಬೇಕು. ಒಂದು ವಿನಂತಿ: ಇಲ್ಲಿ ಎದುರಿರುವುದು ಇನ್ನೊಂದು ಮಗು. ಜನನ ದಿನಾಂಕ ತಿದ್ದಿದವರು ದೊಡ್ಡವರು. ದೂರಿನ ಪ್ರತಿಯನ್ನು ಆ ಮಗುವಿನ ಫೋಟೋ ಸಹಿತ ಎಲ್ಲೆಡೆ ಹಂಚುವುದು ಅನ್ಯಾಯ, ಕಾನೂನಿನ ದೃಷ್ಟಿಯಲ್ಲಿಯೂ ಅಪಾಯ.

ಹಂತ 7: ಸರಿಯಾದ ಬಾಗಿಲು ತಟ್ಟಿ

ಅನುದಾನದ ದುರ್ಬಳಕೆಯನ್ನು ಹಣ ಕೊಟ್ಟ ಇಲಾಖೆಯ ಆಯುಕ್ತರಿಗೆ ದೂರಿ, ವಸೂಲಿ ಮಾಡಿ ಎಂದು ಸ್ಪಷ್ಟವಾಗಿ ಕೇಳಿ. ನಕಲಿ ಸಹಿ, ನಕಲಿ ಬಿಲ್ಲುಗಳಿಗೆ ಪೊಲೀಸ್ ಠಾಣೆ: ನ್ಯಾಯ ಸಂಹಿತೆಯಲ್ಲಿ ನಂಬಿಕೆ ದ್ರೋಹಕ್ಕೆ 316, ವಂಚನೆಗೆ 318, ಖೋಟಾ ದಾಖಲೆಗೆ 336ನೇ ಕಲಮುಗಳಿವೆ. 2024ರ ಜುಲೈ 1ಕ್ಕಿಂತ ಹಿಂದಿನ ಕೃತ್ಯಗಳಿಗೆ ಹಳೆಯ ಭಾರತೀಯ ದಂಡ ಸಂಹಿತೆ ಅನ್ವಯಿಸುತ್ತದೆ, ದೂರಿನಲ್ಲಿ ದಿನಾಂಕ ಸರಿಯಾಗಿ ಬರೆಯಿರಿ.

ಎಲ್ಲ ಅಪ್ರಾಮಾಣಿಕತೆಯೂ ಪೊಲೀಸ್ ಪ್ರಕರಣವಾಗುವುದಿಲ್ಲ ಎಂಬುದಕ್ಕೆ ನಮ್ಮ ರಾಜ್ಯದ್ದೇ ನಿದರ್ಶನವಿದೆ. ಕರ್ನಾಟಕ ಪ್ರೀಮಿಯರ್ ಲೀಗ್‌ನ ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗ 2019ರಲ್ಲಿ ಹಲವರನ್ನು ಬಂಧಿಸಿತು. 2022ರ ಜನವರಿಯಲ್ಲಿ ಹೈಕೋರ್ಟ್ ಪ್ರಕರಣವನ್ನು ರದ್ದುಪಡಿಸಿತು. ಫಿಕ್ಸಿಂಗ್ ಅಪ್ರಾಮಾಣಿಕತೆಯನ್ನೂ ಅಶಿಸ್ತನ್ನೂ ತೋರಿಸಬಹುದು, ಆದರೆ ಅದು ದಂಡ ಸಂಹಿತೆಯ 420ನೇ ಕಲಮಿನ ವಂಚನೆಯಾಗುವುದಿಲ್ಲ, ಶಿಸ್ತು ಕ್ರಮ ಕೈಗೊಳ್ಳಬೇಕಾದದ್ದು ಕ್ರಿಕೆಟ್ ಮಂಡಳಿ ಎಂಬುದು ಅದರ ನಿಲುವಾಗಿತ್ತು. ಈ ಬಗೆಯ ದೂರಿದ್ದರೆ ಆಟದ ಶಿಸ್ತು ಸಮಿತಿಗೂ ಅಂದೇ ಪ್ರತಿ ಕಳುಹಿಸಿ, ಠಾಣೆಯೊಂದನ್ನೇ ನಂಬಿ ಕೂರಬೇಡಿ.

ದೂರುದಾರರ ರಕ್ಷಣೆಗೆಂದು 2014ರಲ್ಲಿ ಮಾಡಿದ ಕೇಂದ್ರ ಕಾಯ್ದೆ ಇನ್ನೂ ಜಾರಿಗೆ ಬಂದಿಲ್ಲ. ಹಾಗಾಗಿ ನಿಮ್ಮ ರಕ್ಷಣೆ ನಿಮ್ಮ ಸಂಖ್ಯೆಯಲ್ಲಿದೆ: ದೂರಿಗೆ ಐದಾರು ಪೋಷಕರ ಸಹಿ ಇರಲಿ, ಎಲ್ಲ ದಾಖಲೆಗಳ ಇನ್ನೊಂದು ಪ್ರತಿ ಬೇರೊಬ್ಬರ ಮನೆಯಲ್ಲಿರಲಿ. ಮಗುವನ್ನು ಆಯ್ಕೆಯಿಂದ ಕೈಬಿಟ್ಟರೆ ಆಯ್ಕೆ ಪರೀಕ್ಷೆಯ ಅಂಕಗಳ ಪಟ್ಟಿಯನ್ನು ಕೂಡಲೇ ಲಿಖಿತವಾಗಿ ಕೇಳಿ. ತೀರಾ ಅನ್ಯಾಯವೆನಿಸಿದರೆ ಹೈಕೋರ್ಟ್‌ನ ರಿಟ್ ಅರ್ಜಿಯ ದಾರಿ ಇದೆ. ಧಾರವಾಡ, ಕಲಬುರಗಿ ಪೀಠಗಳಿರುವುದರಿಂದ ಉತ್ತರ ಕರ್ನಾಟಕದವರು ಬೆಂಗಳೂರಿಗೆ ಓಡಬೇಕಾಗಿಲ್ಲ.

ಹಂತ 8: ಸರ್ವ ಸದಸ್ಯರ ಸಭೆ

ದೂರಿನಿಂದ ಒಬ್ಬ ಕಾರ್ಯದರ್ಶಿ ಹೋಗಬಹುದು. ಬೈಲಾ ಬದಲಾಗದಿದ್ದರೆ ಅವನ ಜಾಗಕ್ಕೆ ಅವನ ಭಾವಮೈದುನ ಬರುತ್ತಾನೆ. ನಿಮ್ಮಲ್ಲಿ ಯಾರಾದರೂ ಸದಸ್ಯತ್ವ ಪಡೆಯಿರಿ, ಅಥವಾ ನಿಮ್ಮ ಕ್ಲಬ್ಬಿನ ಪ್ರತಿನಿಧಿಯನ್ನು ಒಪ್ಪಿಸಿ. ಸಭೆಗೆ ಸಾಕಷ್ಟು ಮೊದಲೇ, ಬೈಲಾದಲ್ಲಿ ಹೇಳಿದ ಅವಧಿಯೊಳಗೆ, ಠರಾವುಗಳನ್ನು ಲಿಖಿತವಾಗಿ ಕೊಡಿ. ಸಭೆಯ ದಿನ ಎದ್ದುನಿಂತು ಹೇಳಿದ್ದು ಕಾರ್ಯಸೂಚಿಯಲ್ಲಿಲ್ಲ ಎಂದು ತಳ್ಳಿಹಾಕುತ್ತಾರೆ.

ನಾನು ಮೊದಲು ಒತ್ತಾಯಿಸಬೇಕೆನ್ನುವ ಠರಾವುಗಳು ಮೂರು. ಪೋಷಕರಿಂದ ಪಡೆಯುವ ಪ್ರತಿ ರೂಪಾಯಿ ಸಂಸ್ಥೆಯ ಬ್ಯಾಂಕ್ ಖಾತೆಗೇ ಬರಬೇಕು, ಯಾರದೇ ವೈಯಕ್ತಿಕ ಯುಪಿಐಗೆ ಬರಕೂಡದು. ಸ್ವಂತ ಅಕಾಡೆಮಿ ನಡೆಸುವ ತರಬೇತುದಾರ ಅಥವಾ ಆಟಗಾರನ ನೆಂಟ ಆಯ್ಕೆ ಸಮಿತಿಯಲ್ಲಿ ಕೂರಬಾರದು. ಮಕ್ಕಳ ದಿನಭತ್ಯೆ ಪೋಷಕರ ಖಾತೆಗೆ ನೇರವಾಗಿ ಜಮಾ ಆಗಬೇಕು. ಮೂರನೆಯದು ಒಂದೇ ಅಂಗೀಕಾರವಾದರೂ ಬಟವಾಡೆ ಪಟ್ಟಿಯ ನಕಲಿ ಸಹಿಗೆ ಕೆಲಸ ಉಳಿಯುವುದಿಲ್ಲ.

ಠರಾವಿನ ಮೇಲೆ ಕೈ ಎತ್ತಿಸಿ ಎಣಿಕೆಯನ್ನು ನಡಾವಳಿ ಪುಸ್ತಕದಲ್ಲಿ ಅಲ್ಲಿಯೇ ಬರೆಸಿ, ಅಧ್ಯಕ್ಷರ ಸಹಿಯಾದ ಪುಟದ ಫೋಟೋ ತೆಗೆದುಕೊಳ್ಳಿ. ಸಭೆ ಮುಗಿದ ಮೇಲೆ ಮನೆಯಲ್ಲಿ ಬರೆಯುವ ನಡಾವಳಿಯಲ್ಲಿ ನಿಮ್ಮ ಠರಾವು ಕಾಣೆಯಾಗಿರುತ್ತದೆ. ಆ ಫೋಟೋದ ಪ್ರತಿಯನ್ನು ವಾರದೊಳಗೆ ನೋಂದಣಾಧಿಕಾರಿಯ ಕಚೇರಿಗೆ ಪತ್ರದೊಂದಿಗೆ ಸಲ್ಲಿಸಿ, ಸಂಘದ ಕಡತಕ್ಕೆ ಸೇರಿಸುವಂತೆ ಕೋರಿ.